ಮಳೆಗಾಲ ಕಳೆದ ಪಂಪ್‌ಸೆಟ್ ಬಲ ಕಳೆದುಕೊಂಡಾಗ: ನನ್ನ ಅನುಭವ

ರೊಬಸ್ಟಾ ಕಾಫಿ ತೋಟದಲ್ಲಿ ಡೀಸೆಲ್ ಪಂಪ್‌ಸೆಟ್ಟಿಗೆ ನಿಜವಾದ ಕೆಲಸವಿರುವುದು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ. ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಿ ಒಂದರಿಂದ ಒಂದೂವರೆ ಇಂಚಿನಷ್ಟು ನೀರು ಕೊಟ್ಟು ಮೊಗ್ಗು ಅರಳಿಸಬೇಕು; ಅರೆಬರೆ ನೀರು ಬಿದ್ದ ಗಿಡದಲ್ಲಿ ಮೊಗ್ಗು ಪೂರ್ತಿ ಬಿರಿಯದೆ ಕರಟಿಹೋಗುತ್ತದೆ. ಉಳಿದ ಕಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕೊಡಗಿನ ತೇವವೂ ಸೇರಿದಂತೆ, ಎಂಜಿನ್ ಕೆರೆಯ ಪಕ್ಕದ ಶೆಡ್ಡಿನಲ್ಲಿ ಸುಮ್ಮನೆ ಕೂತಿರುತ್ತದೆ. ಸಿದ್ದಾಪುರದ ಕಡೆ ಇರುವ ನಮ್ಮ ತೋಟದಲ್ಲಿ ಹಾಗೆ ಕೂತಿದ್ದ ಎಂಜಿನ್ ಒಂದು ಫೆಬ್ರವರಿಯಲ್ಲಿ ಸಲೀಸಾಗಿ ಚಾಲೂ ಆಗಿ, ಸ್ಪ್ರಿಂಕ್ಲರಿನ ನೀರು ಚಿಮ್ಮುವ ಜೆಟ್‌ಗಳನ್ನು ಚೆನ್ನಾಗಿಯೇ ತಿರುಗಿಸಿ, ಸುಮಾರು ಕಾಲು ಗಂಟೆ ಕಳೆದ ಮೇಲೆ ಬಲ ಕಳೆದುಕೊಳ್ಳತೊಡಗಿತು. ನೀರಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಚದರ ಸೆಂ.ಮೀ.ಗೆ 4 ಕೆ.ಜಿ.ಯಿಂದ 3ಕ್ಕೆ ಇಳಿಯಿತು. ಜೆಟ್‌ಗಳ ಸುತ್ತು ಕಿರಿದಾಗಿ, ಎರಡರ ನಡುವಿನ ಸಾಲುಗಳಿಗೆ ನೀರೇ ಮುಟ್ಟಲಿಲ್ಲ.

ಇಂಥ ಹೊತ್ತಿನಲ್ಲಿ ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಪ್ರಶ್ನೆ ತೀರ್ಮಾನವಾಗಬೇಕು: ಸೋತಿರುವುದು ಎಂಜಿನ್ನೋ, ಅಥವಾ ಪಂಪಿಗೆ ಬರಬೇಕಾದ ನೀರೋ. ಒತ್ತಡ ಬೀಳುವಾಗ ಎಂಜಿನ್ ವೇಗವೂ ಬಿದ್ದರೆ ದೋಷ ಎಂಜಿನ್ನಿನ ಕಡೆ. ವೇಗ ಹಾಗೆಯೇ ಇದ್ದು ಅಥವಾ ತುಸು ಏರಿ, ಮುಳ್ಳು ಮಾತ್ರ ನಡುಗುತ್ತಿದ್ದರೆ ಪಂಪ್ ಗಾಳಿ ಎಳೆಯುತ್ತಿದೆ ಎಂದು ಅರ್ಥ. ವೇಗ ಅಳೆಯುವ ಟ್ಯಾಕೋಮೀಟರ್ ಹಿಡಿದು ನೋಡಿದಾಗ ನಿಮಿಷಕ್ಕೆ 1500 ಸುತ್ತು ಇರಬೇಕಾದ ವೇಗ 1300ರ ಆಸುಪಾಸಿಗೆ ಇಳಿದಿತ್ತು. ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೇಗದಲ್ಲಿ ಇಷ್ಟು ಇಳಿದರೆ ಒತ್ತಡ ಮುಕ್ಕಾಲಿಗೆ ಬರುತ್ತದೆ, 4 ಕೆ.ಜಿ. 3 ಆದದ್ದು ಅದೇ ಲೆಕ್ಕ. ಪಂಪಿನಿಂದ ನೀರು ಹೊರಹೋಗುವ ಕಡೆಯ ಡೆಲಿವರಿ ಗೇಟ್ ವಾಲ್ವನ್ನು ಸ್ವಲ್ಪ ಹೊತ್ತು ಪೂರ್ತಿ ಮುಚ್ಚಿದಾಗ, ಈ ಬಗೆಯ ಪಂಪಿನಲ್ಲಿ ಹೊರೆ ಕಡಿಮೆಯಾಗುವುದರಿಂದ, ವೇಗ ಮತ್ತೆ 1500ಕ್ಕೆ ಏರಿತು ಮತ್ತು ಗೇಜ್ ಹಿಂದಿನ ವರ್ಷಗಳಲ್ಲಿ ತೋರಿಸುತ್ತಿದ್ದ ಮಟ್ಟವನ್ನೇ ತೋರಿಸಿತು. ಪಂಪಿನೊಳಗೆ ತಿರುಗಿ ನೀರನ್ನು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್, ಸವೆದಿಲ್ಲವೆಂಬುದು ಅದರಿಂದ ಖಚಿತವಾಯಿತು. ಎಂಜಿನ್ನಿಗೆ ಹೊರೆ ಹೊರುವ ಶಕ್ತಿ ಸಾಲುತ್ತಿರಲಿಲ್ಲ, ಅಷ್ಟೆ.

ಹೊಗೆಯನ್ನೂ ಗಮನಿಸಿದೆ. ಏರ್ ಕ್ಲೀನರ್ ಕಟ್ಟಿಕೊಂಡಿದ್ದರೆ ಹೊರೆ ಬಿದ್ದಾಗ ಕಪ್ಪು ಹೊಗೆ ಬರಬೇಕಿತ್ತು, ಬರಲಿಲ್ಲ. ಅಂದರೆ ಕೊರತೆ ಗಾಳಿಯದ್ದಲ್ಲ, ಡೀಸೆಲಿನದು. ನೋಡಲು ಬಂದ ಮೆಕ್ಯಾನಿಕ್ ಎಂಜಿನ್ನಿಗೆ ಡೀಸೆಲ್ ಅಳೆದು ಒತ್ತಿ ಕಳುಹಿಸುವ ಇಂಜೆಕ್ಷನ್ ಪಂಪನ್ನು ಬಿಚ್ಚಿ ಕ್ಯಾಲಿಬ್ರೇಷನ್‌ಗೆ ಕಳುಹಿಸೋಣ ಎಂದರು. ಅದು ಕೆಟ್ಟಿದ್ದರೆ ಹೊರೆ ಬಿದ್ದ ಮೊದಲ ಗಳಿಗೆಯಿಂದಲೇ ಎಂಜಿನ್ ಸೋಲಬೇಕು, ಕಾಲು ಗಂಟೆ ಚೆನ್ನಾಗಿ ಓಡಿ ಆಮೇಲೆ ಸೋಲುವುದಕ್ಕೆ ಕಾರಣ ಬೇರೆಯೇ ಇರಬೇಕು ಎನ್ನಿಸಿ ನಾನು ಒಪ್ಪಲಿಲ್ಲ.

ನಿಧಾನವಾಗಿ ಬೆಳೆಯುವ ದೋಷಕ್ಕೆ ಡೀಸೆಲ್ ಟ್ಯಾಂಕಿನ ಮುಚ್ಚಳವನ್ನು ಮೊದಲು ನೋಡುವುದು ನನ್ನ ಪದ್ಧತಿ. ಮುಚ್ಚಳದ ಗಾಳಿರಂಧ್ರವನ್ನು ಕಣಜವೊಂದು ಮಣ್ಣಿನಿಂದ ಮೆತ್ತಿತ್ತು. ಡೀಸೆಲ್ ಇಳಿಯುತ್ತಾ ಹೋದಂತೆ ಅದರ ಜಾಗಕ್ಕೆ ಗಾಳಿ ಬಾರದೆ ಟ್ಯಾಂಕಿನೊಳಗೆ ನಿರ್ವಾತ ಹುಟ್ಟಿ, ಹರಿವು ಕುಂಠಿತವಾಗುತ್ತಿತ್ತು. ಎಂಜಿನ್ ಸೋಲುತ್ತಿರುವಾಗಲೇ ಮುಚ್ಚಳ ಸಡಿಲಿಸಿದರೆ ವೇಗ ಏರಿತು, ಆದರೆ ಪೂರ್ತಿಯಾಗಿ ಅಲ್ಲ. ಉಳಿದ ಕಾರಣ ಫಿಲ್ಟರಿನಲ್ಲಿತ್ತು. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಗಳಲ್ಲಿ ಮಳೆಗಾಲದ ತೇವ ಹನಿಗಟ್ಟಿ ತಳ ಸೇರುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಂದು ಬಣ್ಣದ ಲೋಳೆಯಾಗುತ್ತವೆ. ಫಿಲ್ಟರ್ ಬಟ್ಟಲಿನ ತಳದಲ್ಲಿ ನೀರು, ಸೋಸುವ ಎಲಿಮೆಂಟಿನ ಮೇಲೆ ಆ ಲೋಳೆ ಇದ್ದವು. ಟ್ಯಾಂಕನ್ನು ತಳದ ಪ್ಲಗ್ ಬಿಚ್ಚಿ ಬರಿದು ಮಾಡಿ, ತೊಳೆದು, ಹೊಸ ಎಲಿಮೆಂಟ್ ಕೂರಿಸಿದೆವು. ಆಮೇಲೆ ಏರ್ ತೆಗೆಯುವ ಕೆಲಸ: ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಕೈಪಂಪು ಒತ್ತಿ ಬಿಗಿಮಾಡಿ, ನಂತರ ಇಂಜೆಕ್ಷನ್ ಪಂಪಿನಲ್ಲಿಯೂ ಅದನ್ನೇ ಮಾಡಿದೆವು. ಆತುರಪಟ್ಟು ಇದನ್ನು ಅರ್ಧಕ್ಕೆ ಬಿಟ್ಟರೆ, ಸರಿಹೋದ ಎಂಜಿನ್ನೇ ಮತ್ತೆ ಕೆಟ್ಟಂತೆ ತೋರುತ್ತದೆ.

ವೇಗ ಸರಿಹೋಯಿತು, ಆದರೆ ಮುಳ್ಳು ನಡುಗುವುದು ಈಗ ಕಾಣಿಸಿತು. ಎಂಜಿನ್ನಿನ ಸೋಲು ಅದನ್ನು ಅಷ್ಟರವರೆಗೆ ಮರೆಮಾಡಿತ್ತು. ಪಂಪನ್ನು ನಿಲ್ಲಿಸಿ ನೀರು ತುಂಬಿ ಕಾದಾಗ ಮಟ್ಟ ಇಳಿಯಲಿಲ್ಲವಾದ್ದರಿಂದ ಕೆರೆಯಿಂದ ನೀರೆಳೆಯುವ ಪೈಪಿನ ತುದಿಯಲ್ಲಿದ್ದು ನೀರನ್ನು ಹಿಂದಕ್ಕೆ ಬಿಡದ ಫುಟ್ ವಾಲ್ವ್ ಹಿಡಿಯುತ್ತಿದೆ ಎಂದಾಯಿತು. ನೀರೆಳೆಯುವ ಈ ಸಕ್ಷನ್ ಪೈಪಿನ ದೋಷ ಹುಡುಕುವುದು ಕಷ್ಟ, ಏಕೆಂದರೆ ಅಲ್ಲಿ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನಮ್ಮ ಪಂಪ್ ನೋಡಿಕೊಳ್ಳುವ ಹಿರಿಯರು, "ಕೆಸರು ಮೆತ್ತಿ ನೋಡುವ ಸಾವ್ಕಾರ್ರೇ," ಎಂದು ಕೆರೆಯ ಜೇಡಿಮಣ್ಣನ್ನು ಒಂದೊಂದೇ ಜಾಯಿಂಟಿಗೆ ಮೆತ್ತುತ್ತಾ ಬಂದರು. ಪಂಪಿನ ಬಾಯಿಯ ಫ್ಲಾಂಜಿಗೆ ಮೆತ್ತಿದೊಡನೆ ಮುಳ್ಳು ನಿಂತಿತು. ಸೋಪುನೀರಿಗಿಂತ ಈ ವಿಧಾನವೇ ನನಗೆ ಮೆಚ್ಚುಗೆ. ಅಲ್ಲಿನ ರಬ್ಬರ್ ಪ್ಯಾಕಿಂಗ್ ಒಣಗಿ ಬಿರುಕು ಬಿಟ್ಟಿತ್ತು. ಅದನ್ನು ಬದಲಿಸಿ, ಪಂಪಿನ ಶಾಫ್ಟ್ ಹೊರಬರುವಲ್ಲಿ ಸೋರಿಕೆ ತಡೆಯುವ ಗ್ಲ್ಯಾಂಡಿನ ಹಗ್ಗವನ್ನೂ ಹೊಸದು ಹಾಕಿ, ಹನಿಹನಿಯಾಗಿ ನೀರು ತೊಟ್ಟಿಕ್ಕುವಷ್ಟೇ ಬಿಗಿ ಕೊಟ್ಟೆವು.

ಹೂ ಅರಳಿದ ಹದಿನೈದಿಪ್ಪತ್ತು ದಿನಗಳಿಗೆ ಬ್ಯಾಕಿಂಗ್ ನೀರು, ಅಂದರೆ ಎರಡನೇ ಸಲದ ನೀರು, ಕೊಡುವ ಹೊತ್ತಿಗೆ ಕೆರೆ ಸಾಕಷ್ಟು ಇಳಿದಿರುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 10.3 ಮೀಟರ್ ನೀರನ್ನು ಎತ್ತಿ ಹಿಡಿಯಬಲ್ಲದು. 900 ಮೀಟರ್ ಎತ್ತರದಲ್ಲಿ ಅದು 9 ಮೀಟರಿನ ಆಸುಪಾಸಿಗೆ ಇಳಿಯುತ್ತದೆ, ಪೈಪಿನ ಘರ್ಷಣೆ ಕಳೆದರೆ ನೆಚ್ಚಬಹುದಾದದ್ದು ಐದಾರು ಮೀಟರ್ ಮಾತ್ರ. ಆದ್ದರಿಂದ ಆಗ ಪಂಪ್‌ಸೆಟ್ಟನ್ನು ಕೆಳಗಿನ ಕಟ್ಟೆಗೆ ಇಳಿಸಿ, ಫುಟ್ ವಾಲ್ವ್ ಕೆಸರಿನಲ್ಲಿ ಹೂಳದಂತೆ, ಸುಳಿಯೆದ್ದು ಗಾಳಿ ನುಗ್ಗುವಷ್ಟು ಮೇಲೂ ಬಾರದಂತೆ ಖಾಲಿ ಡ್ರಮ್ಮಿಗೆ ತೂಗುಹಾಕುತ್ತೇವೆ. ಮೇ ಕೊನೆಗೆ ಎಂಜಿನ್ ಶೆಡ್ಡಿಗೆ ಹೋಗುವಾಗ ಟ್ಯಾಂಕನ್ನು ಕಂಠಮಟ್ಟ ತುಂಬಿಸಿ, ಪಂಪಿನ ನೀರನ್ನು ಬಸಿದು, ಮುಚ್ಚಳದ ರಂಧ್ರಕ್ಕೆ ಸಣ್ಣ ಕಣ್ಣಿನ ತಂತಿಜಾಲರಿ ಕಟ್ಟುತ್ತೇವೆ.