ಅಮ್ಮನ ಕೆಲಸದ ಸೀರೆಗಳನ್ನು ಎಸೆಯಬೇಡಿ

ಅಮ್ಮ ಹೋದ ಮೇಲೆ ಸೀರೆ ಹಂಚಿಕೊಳ್ಳುವಾಗ ಎಲ್ಲರ ಕಣ್ಣೂ ರೇಷ್ಮೆ ಸೀರೆ ಮೇಲೇ. ದಿನಾ ಉಡುತ್ತಿದ್ದ ಹತ್ತಿ ಸೀರೆಗಳು ನೆಲ ಒರೆಸಲು ಹೋಗುತ್ತವೆ. ನೋಡಿದಾಗಲೆಲ್ಲ ನನಗೆ ಹೊಟ್ಟೆ ಚುರ್ ಅನ್ನುತ್ತದೆ. ಶಿಡ್ಲಘಟ್ಟದ ಕಡೆ ನಮ್ಮಂಥ ರೇಷ್ಮೆ ಹುಳು ಮೇಯಿಸುವ ಮನೆಗಳಲ್ಲಿ ಅಮ್ಮಂದಿರು ರೇಷ್ಮೆ ಉಟ್ಟಿದ್ದು ಮದುವೆಗೋ ಹಬ್ಬಕ್ಕೋ ಅಷ್ಟೇ. ಹುಳು ತಿನ್ನುವುದು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಹುಳು ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ತಿನ್ನುತ್ತದೆ. ಒಂದು ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಆ ಒಂದು ವಾರಕ್ಕೇ ಬೇಕು. ಆಗ ನಮ್ಮಮ್ಮ ಸೊಪ್ಪು ಕೊಯ್ದಿದ್ದು, ಹೊತ್ತು ತಂದಿದ್ದು, ಹುಳದ ಕಸ ತೆಗೆದಿದ್ದು, ನಡುವೆ ಬಂದು ಮುದ್ದೆ ತಿರುವಿದ್ದು ಎಲ್ಲ ಆ ಹತ್ತಿ ಸೀರೆಯಲ್ಲೇ. ನನ್ನ ಕೇಳಿದರೆ ಮೊದಲು ಅವನ್ನೇ ಎತ್ತಿಟ್ಟುಕೊಳ್ಳಿ.

ಎತ್ತಿಟ್ಟು ಸುಮ್ನೆ ಟ್ರಂಕಿಗೆ ಹಾಕಬೇಡಿ, ಬೊಂತೆ, ಅಂದರೆ ಕೌದಿ, ಹೊಲಿಯಿರಿ. ಮೂರು ಸೀರೆ ಸಾಕು. 5.5 ಮೀಟರ್ ಸೀರೆಯನ್ನು ನಡುವೆ ಮಡಚಿದರೆ ಸುಮಾರು 2.75 ಮೀಟರ್ ಉದ್ದ ಬರುತ್ತದೆ. ತುದಿಗಳನ್ನು ಒಳಗೆ ಮಡಚಿ ಹೊಲಿದರೂ ಒಬ್ಬರು ಕಾಲು ಚಾಚಿ ಮಲಗಬಹುದು. ಮೂರು ಸೀರೆಗೆ ಆರು ಪದರವಾಯಿತು, ನಮ್ಮ ಕಡೆಯ ಚಳಿಗೆ ಅಷ್ಟು ಬೇಕು. ಹೊಲಿಯುವ ಮೊದಲು ಸೀರೆಯನ್ನು ಬಿಸಿನೀರಲ್ಲಿ ನೆನೆಸಿ ಗಂಜಿ ಪೂರ್ತಿ ಬಿಡಿಸಿ. ಗಂಜಿ ಉಳಿದರೆ ಹುಳ ಬೀಳುತ್ತದೆ. ಸವೆದ ಸೀರೆ ಒಳಗಿರಲಿ, ಗಟ್ಟಿ ಇರುವುದು ಹೊರಗೆ ಬರಲಿ. ಸೊಪ್ಪಿನ ಕಲೆ ಇದ್ದರೆ ಉಜ್ಜಿ ತೆಗೆಯಲು ಹೋಗಬೇಡಿ, ಅದು ಅಮ್ಮನ ದುಡಿಮೆಯ ಕಲೆ. ಹತ್ತಿಯ ಜೊತೆ ನೈಲಾನ್ ಸೀರೆ ಮಾತ್ರ ಬೆರೆಸಬೇಡಿ. ಒಗೆದಾಗ ಹತ್ತಿ ಕುಗ್ಗುತ್ತದೆ, ನೈಲಾನ್ ಕುಗ್ಗುವುದಿಲ್ಲ, ಬೊಂತೆಯೆಲ್ಲ ಸುಕ್ಕಾಗುತ್ತದೆ.

ಪದರಗಳನ್ನು ನೆಲದ ಮೇಲೆ ಹಾಸಿ, ಕೈಯಲ್ಲಿ ಸವರಿ, ಮೊದಲು ಅಲ್ಲಲ್ಲಿ ದೊಡ್ಡ ಹೊಲಿಗೆ ಹಾಕಿ ಹಿಡಿಸಿ. ಆಮೇಲೆ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬನ್ನಿ. ಸಾಲುಗಳ ನಡುವೆ ಎರಡು ಬೆರಳು ಜಾಗ ಇರಲಿ. ದಾರ ಹತ್ತಿಯದೇ ಆಗಬೇಕು. ಮೂಲೆಗಳೇ ಮೊದಲು ಹರಿಯುವುದು, ಅಲ್ಲಿ ಇನ್ನೊಂದು ತುಂಡು ಬಟ್ಟೆ ಇಟ್ಟು ಬಿಗಿಯಾಗಿ ಹೊಲಿಯಿರಿ.

ಅಮ್ಮನೇ ಹೊಲಿದ ಬೊಂತೆ ನಿಮ್ಮ ಮನೆಯಲ್ಲಿದ್ದರೆ ನೀವು ಪುಣ್ಯವಂತರು. ಅದನ್ನು ವಾಷಿಂಗ್ ಮೆಷಿನ್ನಿಗೆ ಹಾಕಬೇಡಿ. ಅಂಟುವಾಳದ ನೀರಲ್ಲಿ ನೆನೆಸಿ, ತುಳಿದು, ಹಿಂಡದೆ ಹಾಗೇ ನೀರು ಇಳಿಯಲು ಬಿಡಿ. ಅಮ್ಮನ ಹೊಲಿಗೆ ಬಿಟ್ಟ ಕಡೆ ಹಳೆ ದಾರ ಕಿತ್ತು ಹಾಕಬೇಡಿ. ಪಕ್ಕದಲ್ಲೇ ಬೇರೆ ಬಣ್ಣದ ದಾರ ಓಡಿಸಿ. ಅವಳ ಕೈ ಯಾವುದು, ನಿಮ್ಮ ಕೈ ಯಾವುದು ಅಂತ ಮೊಮ್ಮಕ್ಕಳಿಗೂ ಕಾಣುತ್ತದೆ, ಅಲ್ವಾ?

ಕಾಗದದ ಪುಟ್ಟಿಯೂ ಹಾಗೇ. ನಮ್ಮ ಹಳೆ ನೋಟ್ ಪುಸ್ತಕಗಳನ್ನೆಲ್ಲ ಅಮ್ಮ ನೀರಲ್ಲಿ ಕೊಳೆಹಾಕಿ, ನೆನೆಸಿದ ಮೆಂತ್ಯದ ಜೊತೆ ಒರಳಲ್ಲಿ ರುಬ್ಬಿ, ಬೋರಲು ಹಾಕಿದ ಬಿಂದಿಗೆ ಮೇಲೆ ತಟ್ಟುತ್ತಿದ್ದಳು. ಮೆಂತ್ಯ ಅಂಟು ಕೊಡುತ್ತದೆ, ಕಹಿಗೆ ಹುಳವೂ ಹತ್ತಿರ ಬರುವುದಿಲ್ಲ ಅನ್ನುತ್ತಿದ್ದಳು. ಇದಕ್ಕೆ ನೀರು ತಾಗಿಸಬೇಡಿ, ಒಣಬಟ್ಟೆಯಲ್ಲಿ ಒರೆಸಿ. ಬಿರುಕು ಬಿಟ್ಟರೆ ಅದೇ ಕಾಗದ-ಮೆಂತ್ಯದ ಹಿಟ್ಟು ಮೆತ್ತಿ ನೆರಳಲ್ಲಿ ಒಣಗಿಸಿ. ಖಾಲಿ ಇಟ್ಟರೆ ಜಿರಳೆ ಸೇರುತ್ತದೆ. ಒಣಮೆಣಸಿನಕಾಯಿಯನ್ನೋ ಹುಣಸೆಹಣ್ಣನ್ನೋ ಹಾಕಿಡಿ.

ಚಿಟ್ಟೆ ತೂತು ಮಾಡಿ ಹೊರಬಂದ ರೇಷ್ಮೆ ಗೂಡಿನಿಂದ ನೂಲು ಬಿಚ್ಚಲು ಆಗುವುದಿಲ್ಲ. ಅಂಥವನ್ನು ಪೋಣಿಸಿ ಮಾಡಿದ ಹಾರಗಳು ನಮ್ಮ ಕಡೆ ಎಷ್ಟೋ ದೇವರ ಪಟಗಳ ಮೇಲಿವೆ. ಗೂಡನ್ನು ತಿನ್ನುವ ಸಣ್ಣ ಕರಿ ಹುಳ ಒಂದಿದೆ. ಆಗಾಗ ಹಾರ ಇಳಿಸಿ ಕೊಡವಿ, ಎಳೆ ಬಿಸಿಲಿಗೆ ಹಿಡಿಯಿರಿ.

ಇನ್ನು, ಪ್ರತಿ ಸಾಮಾನಿಗೂ ಗುರುತು ಬೇಕು. ಬೊಂತೆಯ ಒಳ ಅಂಚಿಗೆ ಬಿಳಿ ಪಟ್ಟಿ ಇಟ್ಟು ಅಮ್ಮನ ಹೆಸರು, ಊರು, ಹೊಲಿದ ವರ್ಷವನ್ನು ದಾರದಲ್ಲೇ ಬರೆಯಿರಿ. ಪೆನ್ನಿನ ಅಕ್ಷರ ಒಗೆತಕ್ಕೆ ನಿಲ್ಲುವುದಿಲ್ಲ. ಜಿಲ್ಲೆ ಬರೆಯುವುದಿದ್ದರೆ ಅವಳ ಕಾಲದ್ದನ್ನೇ ಬರೆಯಿರಿ. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ, ಅದಕ್ಕೆ ಮುಂಚೆ ಶಿಡ್ಲಘಟ್ಟ ಕೋಲಾರಕ್ಕೆ ಸೇರಿತ್ತು. ವರ್ಷ ನೆನಪಿಲ್ಲದಿದ್ದರೆ ಚಿಕ್ಕಮ್ಮನನ್ನೋ ಸೋದರತ್ತೆಯನ್ನೋ ಕೇಳಿ. ಯಾವ ಮಗುವಿನ ಬಾಣಂತನಕ್ಕೆ ಯಾವ ಬೊಂತೆ ಹೊಲಿದರು ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮುಂದಿನ ಹಬ್ಬದ ತನಕ ಕಾಯದೆ ಈ ವಾರವೇ ಹೋಗಿ ಕೇಳಿ, ಬೊಂತೆಯನ್ನೂ ಜೊತೆಗೆ ತಗೊಂಡು ಹೋಗಿ.