ಐಟಿಐ ಬಿಡುತ್ತಿದ್ದ ಹುಡುಗರು ಉಳಿದದ್ದು ಹೀಗೆ

ಗದಗದ ಒಂದು ಖಾಸಗಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸುತ್ತೇನೆ. ಎರಡು ವರ್ಷದ ಕೋರ್ಸ್. ದೀಪಾವಳಿ ಹೊತ್ತಿಗೆ ಹಿಂದಿನ ಬೆಂಚುಗಳು ಖಾಲಿ ಆಗುತ್ತಿದ್ದವು. ಫೀ ಕಟ್ಟೋಕಾಗದೆ ಬಿಡ್ತಾರೆ ಅನ್ನೋದು ಸ್ಟಾಫ್ ರೂಮಿನ ಮಾತು. ಹಾಜರಿ ಪುಸ್ತಕ ಬೇರೆಯೇ ಹೇಳುತ್ತಿತ್ತು.

ಬಿಟ್ಟವರಲ್ಲಿ ಹೆಚ್ಚಿನವರು ರೋಣ, ಮುಂಡರಗಿ ಕಡೆಯ ರೈತರ ಮಕ್ಕಳು. ಹೆಸರುಕಾಳು ಬಿಡಿಸುವಾಗ, ಆಮೇಲೆ ಉಳ್ಳಾಗಡ್ಡಿ ಕೀಳುವಾಗ ಗೈರು. ವಾರಗಟ್ಟಲೆ ತಪ್ಪಿದ ಮೇಲೆ ವಾಪಸ್ ಬರಲು ಮುಜುಗರ. ಪರೀಕ್ಷೆಗೆ ಶೇ. 80 ಹಾಜರಿ ಬೇಕು, ಇನ್ನೇನು ಹೋಯ್ತು ಅಂತ ಕೈಬಿಡುತ್ತಿದ್ದರು.

ಎರಡು ದಿನ ಬರದಿದ್ದರೆ ಸಂಜೆ ಮನೆಗೆ ಫೋನ್ ಮಾಡತೊಡಗಿದೆ. ಬೈಯೋದಿಲ್ಲ, ಸುಮ್ನೆ ವಿಚಾರಿಸೋದು. ಒಬ್ಬ ತಾಯಿ ಅಂದರು: "ಕೆಲಸ ಮುಗದೈತ್ರಿ ಸರ, ನೀವು ಬೈತೀರಂತ ಅಂಜಾಕತ್ತಾನ್ರಿ." ನಾಳೆ ಕಳಿಸ್ರಿ ಅಂದೆ. ಬಂದ.

ಇದಕ್ಕಿಂತ ಜಾಸ್ತಿ ಫಲ ಕೊಟ್ಟಿದ್ದು ಪಾಠದ ಕ್ರಮ ಬದಲಿಸಿದ್ದು. ಓಮ್ ನಿಯಮದ ಲೆಕ್ಕದಿಂದ ಶುರು ಮಾಡೋದು ಬಿಟ್ಟೆ. ಸುರಕ್ಷತೆಯ ಪಾಠ ಮುಗಿದ ಕೂಡಲೇ ಬೋರ್ಡಿನ ಮೇಲೆ ಮೆಟ್ಟಿಲಿನ ವೈರಿಂಗ್. ಎರಡು ಟೂ-ವೇ ಸ್ವಿಚ್, ಒಂದು ಬಲ್ಬ್. ಕೆಳಗೆ ಹಚ್ಚಿ ಮೇಲೆ ಆರಿಸಬೇಕು. ಫೇಸ್ (ಕರೆಂಟ್ ಬರುವ ವೈರು) ಒಂದು ಸ್ವಿಚ್ಚಿನ ಕಾಮನ್‌ಗೆ (ಉಳಿದೆರಡು ತುದಿಗಳಿಗೂ ಸಾಮಾನ್ಯವಾದ ತುದಿ), ಇನ್ನೊಂದರ ಕಾಮನ್‌ನಿಂದ ಬಲ್ಬಿಗೆ, ಸ್ವಿಚ್ಚುಗಳ ನಡುವೆ ಎರಡು ವೈರು. ಬಲ್ಬ್ ಹತ್ತಿದರೆ ಮುಖ ಅರಳುತ್ತದೆ. ಯಾಕೆ ಹತ್ತಿತು ಅಂತ ಅವರೇ ಕೇಳುತ್ತಾರೆ. ಥಿಯರಿ ಹೇಳಬೇಕಾದ್ದು ಆಗಲೇ ಅಲ್ವಾ?

ಈಗಿನ ಬ್ಯಾಚಿನಲ್ಲಿ ಬಿಟ್ಟವರು ಬಹಳ ಕಡಿಮೆ. ಸುಗ್ಗಿಯಲ್ಲಿ ತಪ್ಪಿದ ಪ್ರಾಕ್ಟಿಕಲ್‌ಗೆ ಶನಿವಾರ ಮಧ್ಯಾಹ್ನ ವರ್ಕ್‌ಶಾಪ್ ತೆರೆದಿಡುತ್ತೇನೆ. ಊರ ಬಸ್ ತಪ್ಪಬಾರದು, ಹಾಗಾಗಿ ನಾಲ್ಕಕ್ಕೆ ಮುಗಿಸುತ್ತೇನೆ.