ಮಾಡ್ ಮಾಡಿದ ಡ್ಯಾಕ್, ಸ್ಟಾಕ್ ಡ್ಯಾಕ್: ಹೋಲಿಸುವ ಸರಿಯಾದ ಕ್ರಮ

ಡ್ಯಾಕ್ ಎಂದರೆ ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಆಗಿಸುವ ಯಂತ್ರ; ಕಂಪನಿಯಿಂದ ಬಂದಂತೆಯೇ ಇದ್ದರೆ ಸ್ಟಾಕ್, ಒಳಗಿನ ಬಿಡಿಭಾಗ ಬದಲಿಸಿದ್ದರೆ ಮಾಡ್. ಎರಡನ್ನೂ ಹೋಲಿಸುವುದಾದರೆ ಹಾಡು ಹಾಕುವ ಮೊದಲು ಮಲ್ಟಿಮೀಟರ್ ಕೈಗೆತ್ತಿಕೊಳ್ಳಿ. ಒಂದು ಡ್ಯಾಕ್ ಅರ್ಧ ಡೆಸಿಬೆಲ್ ಜಾಸ್ತಿ ಕೊಟ್ಟರೆ ಕಿವಿಗೆ ಅದು ಜೋರು ಅನ್ನಿಸುವುದಿಲ್ಲ, "ಎಷ್ಟು ಸ್ಪಷ್ಟ!" ಅನ್ನಿಸುತ್ತದೆ. ಮಾಡ್‌ಗೆ ಸಿಗುವ ಹೊಗಳಿಕೆಯಲ್ಲಿ ದೊಡ್ಡ ಪಾಲು ಈ ಲೆಕ್ಕಕ್ಕೇ ಹೋಗುತ್ತದೆ.

400 ಹರ್ಟ್ಸ್‌ನ ಸೈನ್ ಟೋನ್ ನುಡಿಸಿ, ಆಂಪ್ಲಿಫೈಯರ್ ಜೋಡಿಸಿಕೊಂಡೇ ಎರಡೂ ಡ್ಯಾಕ್‌ಗಳ ಔಟ್‌ಪುಟ್ ಅನ್ನು ಎಸಿ ವೋಲ್ಟ್‌ನಲ್ಲಿ ಅಳೆಯಿರಿ. 1 ಕಿಲೋಹರ್ಟ್ಸ್ ಬೇಡ. ಅಗ್ಗದ ಮೀಟರ್‌ಗಳು ಅಲ್ಲಿ ತಪ್ಪು ತೋರಿಸುವುದುಂಟು. ಸ್ಟಾಕ್ 2.00 ವೋಲ್ಟ್, ಮಾಡ್ 2.10 ವೋಲ್ಟ್ ಬಂದರೆ ವ್ಯತ್ಯಾಸ 0.42 ಡೆಸಿಬೆಲ್. ಜೋರಾಗಿರುವುದನ್ನು ಇಳಿಸಿ, 0.1 ಡೆಸಿಬೆಲ್ ಒಳಗೆ, ಅಂದರೆ ಸುಮಾರು ಶೇ. 1ರ ಅಂತರಕ್ಕೆ ತನ್ನಿ. ಎಡ, ಬಲ ಎರಡೂ ಚಾನೆಲ್ ನೋಡಿ.

ಇಪ್ಪತ್ತು ವರ್ಷ ಹಳೆಯ ಸ್ಟಾಕ್ ಯಂತ್ರವನ್ನು ಹೊಸ ಕೆಪಾಸಿಟರ್ ಹಾಕಿದ ಮಾಡ್ ಎದುರು ನಿಲ್ಲಿಸಿದರೆ ನೀವು ಅಳೆಯುವುದು ವಯಸ್ಸನ್ನು. ಒಣಗಿದ ಎಲೆಕ್ಟ್ರೋಲಿಟಿಕ್ (ಒಳಗೆ ದ್ರವವಿರುವ) ಕೆಪಾಸಿಟರ್‌ಗಳ ಬದಲು ಅದೇ ಮೌಲ್ಯದ ಹೊಸವನ್ನು ಹಾಕಿಸಿ, ಆಮೇಲೆ ಹೋಲಿಸಿ.

ಇನ್ನು ಔಟ್‌ಪುಟ್ ಕೆಪಾಸಿಟರ್, ಅಂದರೆ ಡಿಸಿ ತಡೆದು ಸದ್ದಿನ ಸಿಗ್ನಲ್ ಮಾತ್ರ ಹೊರಬಿಡುವ ಬಿಡಿಭಾಗ. ಸ್ಟಾಕ್‌ನಲ್ಲಿದ್ದ 10 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಕಿತ್ತು, ಬೋರ್ಡ್‌ನಲ್ಲಿ ಜಾಗ ಸಾಲದೆ 1 ಮೈಕ್ರೋಫ್ಯಾರಡ್‌ನ ದುಬಾರಿ ಫಿಲ್ಮ್ ಕೆಪಾಸಿಟರ್ ಕೂರಿಸಿರುತ್ತಾರೆ. ಆಂಪ್ಲಿಫೈಯರ್‌ನ ಇನ್‌ಪುಟ್ 10 ಕಿಲೋಓಮ್ ಆಗಿದ್ದರೆ ಕಟಾಫ್ (ಸದ್ದು 3 ಡೆಸಿಬೆಲ್ ಇಳಿಯುವ ಆವರ್ತನ) 1.6 ಹರ್ಟ್ಸ್‌ನಿಂದ 16 ಹರ್ಟ್ಸ್‌ಗೆ ಏರಿ, 20 ಹರ್ಟ್ಸ್‌ನಲ್ಲಿ ಬೇಸ್ 2 ಡೆಸಿಬೆಲ್‌ಗೂ ಹೆಚ್ಚು ಕುಸಿಯುತ್ತದೆ. "ಬೇಸ್ ಬಿಗಿಯಾಯಿತು" ಎಂಬ ಮಾತು ಹುಟ್ಟುವುದು ಹೀಗೂ ಉಂಟು! 47 ಕಿಲೋಓಮ್ ಇನ್‌ಪುಟ್ ಇದ್ದರೆ ಈ ತೊಂದರೆ ಬಹುತೇಕ ಇಲ್ಲ.

ಎನ್‌ಇ5532 ಎಂಬ ಆಪ್‌ಆಂಪ್ (ಸಿಗ್ನಲ್ ವರ್ಧಿಸುವ ಚಿಪ್) ತೆಗೆದು ಅದಕ್ಕಿಂತ ವೇಗದ್ದನ್ನು ಹಾಕಿದ್ದರೆ ಆಸಿಲೇಶನ್, ಅಂದರೆ ಚಿಪ್ ತಾನಾಗಿಯೇ ಕಂಪಿಸುವುದನ್ನು ಅನುಮಾನಿಸಿ. ಪವರ್ ಪಿನ್‌ಗಳಿಗೆ ಅಂಟಿದಂತೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಇಲ್ಲದಿದ್ದರೆ ಚಿಪ್ ಮೆಗಾಹರ್ಟ್ಸ್‌ನಲ್ಲಿ ಕಂಪಿಸಬಹುದು. ಅದು ಕಿವಿಗೆ ಕೇಳದು, ಮಲ್ಟಿಮೀಟರ್‌ಗೆ ಕಾಣದು, ಆಸಿಲೋಸ್ಕೋಪೇ ಬೇಕು. ಹಾಡು ಇಲ್ಲದಿದ್ದಾಗಲೂ ಚಿಪ್ ಬೆರಳಿಗೆ ಚುರುಕ್ಕನೆ ಬಿಸಿ ತಾಗಿದರೆ ಅದೊಂದು ಸುಳಿವು. ಔಟ್‌ಪುಟ್‌ನಲ್ಲಿ ಡಿಸಿಯನ್ನು ಮಾತ್ರ ಎಲ್ಲಕ್ಕಿಂತ ಮೊದಲು, ಆಂಪ್ಲಿಫೈಯರ್ ಜೋಡಿಸುವ ಮುನ್ನವೇ ನೋಡಿ: ಕೆಲವು ಮಿಲಿವೋಲ್ಟ್ ಪರವಾಗಿಲ್ಲ, 50 ದಾಟಿದರೆ ಆಂಪ್ಲಿಫೈಯರ್‌ಗೆ ಜೋಡಿಸಬೇಡಿ.

ಇಷ್ಟಾದ ಮೇಲೆ ಕೇಳಲು ಕುಳಿತುಕೊಳ್ಳಿ. ಹತ್ತು ಸೆಕೆಂಡಿನ ತುಣುಕು ಸಾಕು; ಸ್ವಿಚ್ ತಕ್ಷಣ ಬದಲಾಗಬೇಕು. ವೈರ್ ಕಿತ್ತು ಮತ್ತೆ ಸಿಕ್ಕಿಸುವಷ್ಟರಲ್ಲಿ ಕಿವಿಯ ನೆನಪು ಅಳಿಸಿಹೋಗಿರುತ್ತದೆ. ಯಾವುದು ನುಡಿಯುತ್ತಿದೆ ಎಂದು ನಿಮಗೆ ಗೊತ್ತಿರಬಾರದು. ಎಷ್ಟು ಸುತ್ತು ಎಂಬುದನ್ನು ಮೊದಲೇ ತೀರ್ಮಾನಿಸಿ: ಯಾವ ಡ್ಯಾಕ್ ಎಂಬ ನಿಮ್ಮ ಉತ್ತರ 16ರಲ್ಲಿ 12 ಬಾರಿ ಸರಿಯಾದರೆ, ಅದು ಬರೀ ಅದೃಷ್ಟದಿಂದ ಆಗುವ ಸಾಧ್ಯತೆ ಶೇ. 4ಕ್ಕಿಂತ ಕಡಿಮೆ. ಸೋಲುತ್ತಿದ್ದೀರೆಂದು ಸುತ್ತು ಹೆಚ್ಚಿಸಿಕೊಳ್ಳುವುದು ಮೋಸ.

ಕಿವಿಯನ್ನೇ ನಂಬಲಾಗದಿದ್ದರೆ ನಲ್ ಟೆಸ್ಟ್ ಇದೆ. ಎರಡೂ ಔಟ್‌ಪುಟ್‌ಗಳನ್ನು ಒಂದೇ ಆಡಿಯೋ ಇಂಟರ್‌ಫೇಸ್‌ನಲ್ಲಿ (ಸದ್ದನ್ನು ಕಂಪ್ಯೂಟರ್‌ಗೆ ಸೇರಿಸುವ ಸಾಧನ) 24 ಬಿಟ್, 96 ಕಿಲೋಹರ್ಟ್ಸ್‌ಗೆ ರೆಕಾರ್ಡ್ ಮಾಡಿ, ಒಂದರ ಅಲೆಯನ್ನು ತಲೆಕೆಳಗಾಗಿಸಿ ಕೂಡಿಸಿ; ಎರಡರಲ್ಲೂ ಒಂದೇ ಆಗಿರುವುದು ಅಳಿದು ವ್ಯತ್ಯಾಸ ಮಾತ್ರ ಉಳಿಯುತ್ತದೆ. ಕೆಲವು ಮಾಡ್‌ಗಳು ಪೋಲಾರಿಟಿಯನ್ನೇ (ಅಲೆಯ ಮೇಲು-ಕೆಳಗನ್ನು) ತಿರುಗಿಸಿರುತ್ತವೆ, ಆಗ ತಲೆಕೆಳಗು ಮಾಡದೆ ಕೂಡಿಸಿದರೇ ಅಳಿಯುತ್ತದೆ. ಯಂತ್ರಗಳೊಳಗೆ ಸಮಯ ಕಾಯುವ ಕ್ಲಾಕ್‌ಗಳ ನಡುವೆ 20 ಪಿಪಿಎಂ (ಹತ್ತು ಲಕ್ಷಕ್ಕೆ 20) ಅಂತರವಿದ್ದರೂ ಒಂದು ನಿಮಿಷದಲ್ಲಿ 1.2 ಮಿಲಿಸೆಕೆಂಡ್ ಜಾರುತ್ತದೆ, ಅಂದರೆ 115 ಸ್ಯಾಂಪಲ್. ಡ್ರಿಫ್ಟ್ ಸರಿಪಡಿಸುವ ತಂತ್ರಾಂಶ ಬಳಸದಿದ್ದರೆ ಉಳಿಯುವುದೆಲ್ಲ ಆ ಜಾರಿಕೆಯದೇ ಸದ್ದು. ಸರಿಪಡಿಸಿದ ಮೇಲೂ ಕೆಳಗಿನ ಬೇಸ್ ಮಾತ್ರ ಗುಂಯ್‌ಗುಡುತ್ತಾ ಉಳಿದರೆ, ಆ 1 ಮೈಕ್ರೋಫ್ಯಾರಡ್ ಕೆಪಾಸಿಟರನ್ನೇ ಮೊದಲು ನೋಡಿ.